ಅಪ್‌ಡೇಟ್: ಸಿಂಕ್ ಸುತ್ತಿನ ಸಿಲಿಕೋನ್ ಈಗ ಗಟ್ಟಿಯಾಗಿ ನಿಂತಿದೆ

ಸಿಂಕ್ ಅಂಚಿಗೆ ಹಾಕಿದ ಸಿಲಿಕೋನ್ (ನೀರು ಇಳಿಯದಂತೆ ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಎರಡೇ ವಾರಕ್ಕೆ ಸಿಪ್ಪೆಯ ಹಾಗೆ ಏಳುತ್ತಿದೆ, ಯಾಕೆ ಅಂತ ಇಲ್ಲಿ ಕೇಳಿದ್ದೆ. ಹಳೆಯದರ ಮೇಲೆ ಹೊಸದು ಅಂಟುವುದಿಲ್ಲ, ಪೂರ್ತಿ ಕೀಳಿ ಅಂದಿದ್ದಿರಿ. ತೊಂದರೆ ಇದ್ದದ್ದು ಅಲ್ಲೇ.

ಕೀಳುವುದಕ್ಕೇ ಅರ್ಧ ದಿನ ಹಿಡಿಯಿತು. ಎರಡೂ ಅಂಚು ಬ್ಲೇಡಿನಿಂದ ಕೊಯ್ದು ಎಳೆದರೆ ರಬ್ಬರ್ ದಾರದಂತೆ ಬಂತು. ಆದರೆ ಕಲ್ಲಿನ ಮೇಲೆ ತೆಳ್ಳನೆ ಪೊರೆ ಉಳಿದಿತ್ತು. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳು ಆಡಿಸಿದರೆ ಮಾತ್ರ ತಡೆದಂತಾಗುತ್ತದೆ. ಅದನ್ನೂ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ರಾತ್ರಿಯಿಡೀ ಒಣಗಲು ಬಿಟ್ಟೆ.

ಈ ಸಲ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ನಳಿಗೆಯ ತುದಿಯನ್ನು 45 ಡಿಗ್ರಿ ಓರೆಯಾಗಿ, ಸಣ್ಣದಾಗಿ ಕತ್ತರಿಸಿದೆ. ಸಿಲಿಕೋನ್ ಹಾಕಿ, ಅದರ ಮೇಲೆ ಬೆರಳು ಒಂದೇ ಸಲ ಎಳೆದು, ಹಸಿ ಇರುವಾಗಲೇ ಟೇಪ್ ಕಿತ್ತೆ. ಹಿಂದಿನ ಸಲ ಕೆನೆ ಕಟ್ಟಿದ ಮೇಲೆ ಕಿತ್ತಿದ್ದೆ, ಅಂಚೆಲ್ಲ ಹರಿದಿತ್ತು.

ಚೆಲ್ಲಿದ್ದಕ್ಕೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಸುಮ್ನೆ ಜಾಸ್ತಿ ಹರಡುತ್ತದೆ. ಮೊದಲು ಒಣ ಪೇಪರ್, ಆಮೇಲೆ ಆಲ್ಕೋಹಾಲ್. ಟೈಲ್ ಮೇಲೆ ಬಿದ್ದ ಚುಕ್ಕೆಗಳನ್ನು ಒಣಗಿದ ಮೇಲೆ ಪ್ಲಾಸ್ಟಿಕ್ ಕಾರ್ಡಿನಲ್ಲಿ ಕೆರೆದೆ, ಸಲೀಸಾಗಿ ಬಂದವು.

ವಿನೆಗರ್ ವಾಸನೆ ಬಗ್ಗೆಯೂ ಕೇಳಿದ್ದೆ ಅಲ್ವಾ? ಈ ಬಗೆಯ ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದರದ್ದೇ ವಾಸನೆ. ಕಿಟಕಿ ತೆರೆದಿಟ್ಟೆ, 24 ಗಂಟೆ ನಲ್ಲಿ ತಿರುಗಿಸಲಿಲ್ಲ.

ಈಗ ಐದು ವಾರ. ಉಗುರಲ್ಲಿ ಎಬ್ಬಿಸಿದರೂ ಅಂಚು ಏಳುತ್ತಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.