ಟೀಮ್‌ನಲ್ಲಿ ಒಬ್ಬಳನ್ನೇ ಗುರಿ ಮಾಡಿದ್ದಾರೆ, ಪಕ್ಕದಲ್ಲಿ ಕೂತಿರುವ ನಾನು ಏನು ಮಾಡಬಹುದು?

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಔಟರ್ ರಿಂಗ್ ರೋಡ್ ಕಡೆಯ ಕಂಪನಿ, ಹೆಸರು ಬೇಡ. ನಮ್ಮ ಟೀಮ್‌ಗೆ ರಾಯಚೂರು ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ. ಕೆಲಸದಲ್ಲಿ ಚುರುಕು. ಆದರೆ ನಮ್ಮ ಟೀಮ್ ಲೀಡ್‌ಗೆ ಅವಳನ್ನು ಕಂಡರೆ ಆಗುವುದಿಲ್ಲ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಅವಳು ಬಾಯಿ ತೆರೆದರೆ ಸಾಕು, ಅವಳ ಇಂಗ್ಲಿಷನ್ನು ಅವಳ ರಾಗದಲ್ಲೇ ಅಣಕಿಸುತ್ತಾನೆ, ಉಳಿದವರು ಮ್ಯೂಟ್ ಹಾಕಿಕೊಂಡು ನಗುತ್ತಾರೆ. ಸಂಜೆ ಸರಿಯಾಗಿ ಕ್ಯಾಬ್ ಹತ್ತುವ ಹೊತ್ತಿಗೆ 'ಇದು ಇವತ್ತೇ ಬೇಕು' ಅಂತ ಮೆಸೇಜ್. ಮಾರನೇ ದಿನ ನೋಡಿದರೆ ಆ ಫೈಲ್ ತೆರೆದೇ ಇರುವುದಿಲ್ಲ. ಒಮ್ಮೆ ಕ್ಲೈಂಟ್ ಕಾಲ್‌ನ ಇನ್ವೈಟ್‌ನಿಂದ ಅವಳ ಹೆಸರು ತೆಗೆದು, ಆಮೇಲೆ 'ಯಾಕಮ್ಮಾ ಬರಲಿಲ್ಲ, ನಿದ್ದೆಯಾ?' ಅಂತ ಎಲ್ಲರ ಎದುರೇ ಕೇಳಿದ. ಈಗ ಊಟಕ್ಕೂ ಒಬ್ಬಳೇ ಹೋಗುತ್ತಾಳೆ. ಎಚ್‌ಆರ್‌ಗೆ ನಾನೇ ಹೇಳಿಬಿಡಲಾ? ಅಥವಾ ಅದರಿಂದ ಅವಳಿಗೇ ತೊಂದರೆ ಜಾಸ್ತಿ ಆಗುತ್ತಾ?

ಸುಮ್ನಿರು ಗುರು:
ಇದೆಲ್ಲ ಎಲ್ಲ ಕಡೆ ಇರೋದೇ. ಬೇರೆ ಕೆಲಸ ಹುಡುಕಿಕೊಳ್ಳಲಿ. ನೀನು ತಲೆ ಹಾಕಿದರೆ ನಿನ್ನ ರೇಟಿಂಗ್ ಹೋಗುತ್ತೆ ಅಷ್ಟೇ. ಲೀಡ್ ಸ್ವಲ್ಪ ಖಾರ ಅಂದ ಮಾತ್ರಕ್ಕೆ ಅದು ಕಿರುಕುಳ ಆಗುವುದಿಲ್ಲ.

ಎರಡನೇ ದೋಸೆ:
ಖಾರ ಬೇರೆ, ಇದು ಬೇರೆ. ಕೋಡ್ ಸರಿಯಿಲ್ಲ ಅಂತ ಬೈದರೆ ಅದು ಕೆಲಸದ ಮಾತು. ಇನ್ವೈಟ್‌ನಿಂದ ಹೆಸರು ತೆಗೆದು ಯಾಕೆ ಬರಲಿಲ್ಲ ಅನ್ನುವುದು ಬೇಕಂತಲೇ ಸಿಕ್ಕಿಸುವುದು, ಅಲ್ವಾ?
ಸಂತ್ರಸ್ತ ಅವರೇ, ಅವಳನ್ನು ಕೇಳದೆ ಎಚ್‌ಆರ್ ಹತ್ತಿರ ಹೋಗಬೇಡಿ. ದೂರು ಕೊಡುವುದು ಬಿಡುವುದು ಅವಳ ಇಷ್ಟ. ಮೊದಲು ಒಂದು ದಿನ ಊಟಕ್ಕೆ ಜೊತೆಗೆ ಹೋಗಿ, ಆಫೀಸಿನ ಕ್ಯಾಂಟೀನ್ ಬೇಡ, ಹೊರಗೆಲ್ಲಾದರೂ. 'ನಾನು ನೋಡಿದ್ದೇನೆ, ಕೇಳಿದರೆ ಹೇಳುತ್ತೇನೆ' ಅಂತ ಅವಳಿಗೆ ತಿಳಿಸಿ. ಇಂಥ ಕಡೆ ಸೋಲುವುದೇ ಸಾಕ್ಷಿ ಹೇಳುವವರು ಇಲ್ಲದೆ. ಲೀಡ್ 'ತಮಾಷೆ ಮಾಡಿದೆ ಸರ್' ಅನ್ನುತ್ತಾನೆ, ಟೀಮ್ ನೆಲ ನೋಡುತ್ತೆ, ಮುಗೀತು.

ಫೈಲ್ ಹಿಡಿದವಳು:
ನಾನು ಹಿಂದೆ ಎಚ್‌ಆರ್‌ನಲ್ಲಿದ್ದೆ. ಎಚ್‌ಆರ್ ಸಂಬಳ ತಗೊಳ್ಳುವುದು ಕಂಪನಿಯಿಂದ, ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಹೋಗಿ.
ಬರೀ ಬುಲ್ಲಿಯಿಂಗ್‌ಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. 2013ರ ಪೋಶ್ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ. ಮಾತಿನಲ್ಲಿ ಆ ವಾಸನೆ ಇದ್ದರೆ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಬರೆದು ಕೊಡಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು. ಜಾತಿ ಹಿಡಿದು ಆಡಿಕೊಂಡರೆ ದಾರಿಯೇ ಬೇರೆ, ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇದು ಎರಡೂ ಅಲ್ಲ ಅಂದರೆ ದೂರು ಪರಿಹಾರ ಸಮಿತಿ. ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ (ನೌಕರಿಯ ಷರತ್ತುಗಳನ್ನು ಬರೆದಿಡಬೇಕು ಅನ್ನುತ್ತಿದ್ದ ಕಾಯ್ದೆ, 2025ರವರೆಗೆ ಇತ್ತು) ವಿನಾಯಿತಿ ಕೊಡುವಾಗ ನಮ್ಮ ಸರ್ಕಾರ ಹಾಕಿದ ಷರತ್ತುಗಳಲ್ಲಿ ಇಂಥ ಸಮಿತಿಯೂ ಒಂದು. ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.
ದೂರಿನಲ್ಲಿ 'ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ' ಅಂತ ಬರೆದರೆ ಓದುವವರು ಪಕ್ಕಕ್ಕಿಡುತ್ತಾರೆ. ತಾರೀಖು, ಸಮಯ, ಆಡಿದ ಮಾತು ಹಾಗೇ, ಎದುರಿಗೆ ಯಾರಿದ್ದರು, ಇಷ್ಟು ಬರೆಯಿರಿ. ಅವತ್ತಿನದು ಅವತ್ತೇ. ಆಫೀಸಿನ ಮೇಲ್‌ಗಳನ್ನು ಸ್ವಂತ ಜೀಮೇಲ್‌ಗೆ ಫಾರ್ವರ್ಡ್ ಮಾಡಬೇಡಿ, ಆಮೇಲೆ ಡೇಟಾ ಕಳವು ಅಂತ ಅವಳ ಮೇಲೆಯೇ ತಿರುಗಿಸುತ್ತಾರೆ. ಪುಸ್ತಕದಲ್ಲಿ ಕೈಯಲ್ಲಿ ಬರೆದಿಡಿ.

ಸಂಜೆ 500ಡಿ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿದ್ದೆ ಬರುತ್ತಿಲ್ಲ, ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುತ್ತೆ ಅನ್ನುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ. ಐಟಿ ನೌಕರರ ಯೂನಿಯನ್ ಕಿಟು (KITU) ಕೂಡ ಇದೆ. ಒಬ್ಬರೇ ಹೋಗುವುದಕ್ಕಿಂತ ಅವರನ್ನು ಕೇಳಿಕೊಂಡು ಹೋಗುವುದು ವಾಸಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಎಲ್ಲರಿಗೂ ಥ್ಯಾಂಕ್ಸ್. ಅವಳ ಜೊತೆ ಮಾತಾಡಿದೆ. ಸದ್ಯಕ್ಕೆ ದೂರು ಬೇಡವಂತೆ, ಪ್ರೊಬೇಷನ್ ಮುಗಿಯಲಿ ಅನ್ನುತ್ತಾಳೆ. ಬರೆದಿಡಲು ಶುರು ಮಾಡಿದ್ದಾಳೆ, ನನ್ನ ಕಣ್ಣೆದುರು ನಡೆದದ್ದನ್ನು ನಾನೂ ಬರೆಯುತ್ತಿದ್ದೇನೆ. ನಿನ್ನೆ ಸ್ಟ್ಯಾಂಡಪ್‌ನಲ್ಲಿ ಅವನು ಮತ್ತೆ ಅಣಕಿಸಿದಾಗ 'ಅವಳು ಹೇಳಿ ಮುಗಿಸಲಿ ಬಿಡಿ' ಅಂದೆ. ಯಾರೂ ನಗಲಿಲ್ಲ. ಅಂದಹಾಗೆ ಇಂಟ್ರಾನೆಟ್‌ನಲ್ಲಿ ಹುಡುಕಿದರೆ ಪೋಶ್ ಸಮಿತಿಯ ಹೆಸರುಗಳು ಮಾತ್ರ ಸಿಕ್ಕವು, ದೂರು ಪರಿಹಾರ ಸಮಿತಿಯ ಸುಳಿವೇ ಇಲ್ಲ. ಯಾರ ಹೆಸರೂ ಹೇಳದೆ, ಸದಸ್ಯರು ಯಾರು ಅಂತಷ್ಟೇ ಕೇಳಿ ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.