ಪದಚರ್ಚೆ: ಹಾಯಿಯೊಳಗಿನ ಪಟ್ಟಿಗೆ ‘ದಬ್ಬೆ’ ಅನ್ನಬಹುದಾ? ಅದನ್ನು ‘ಬಿಗಿ’ ಮಾಡುವುದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹಿಂದೆ ಮೂರು ವಾರದಿಂದ ಬಿದ್ದಿದ್ದೇನೆ. ಒಂದು ಸಿಕ್ಕಿದೆ ಅನ್ನಿಸುತ್ತಿದೆ, ಆದರೆ ನಿಮ್ಮನ್ನು ಕೇಳದೆ ಬಳಸುವ ಧೈರ್ಯವಿಲ್ಲ.

ನಾನು ಇರುವುದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಸೋಲೆಂಟ್ ಜಲಸಂಧಿಯ ಹತ್ತಿರ. ನಾವು ಮೂರು ಕನ್ನಡದ ಮನೆಯವರು ಸೇರಿ ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದೇವೆ. ವೆಸ್ಟರ್ಲಿ ಸೆಂಟಾರ್ ಅಂತ, 26 ಅಡಿಯದ್ದು. 1969ರಿಂದ 1980ರವರೆಗೆ ಈ ಮಾದರಿಯ ಎರಡು ಸಾವಿರಕ್ಕೂ ಹೆಚ್ಚು ದೋಣಿ ಕಟ್ಟಿದರು. ತಳದಲ್ಲಿ ಒಂದರ ಬದಲು ಎರಡು ಕೀಲ್ (ನೀರಿನೊಳಕ್ಕೆ ಇಳಿದಿರುವ ಭಾರದ ರೆಕ್ಕೆ) ಇವೆ, ಹಾಗಾಗಿ ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ ಅಂತ ನನ್ನ ಅನಿಸಿಕೆ.

ಮಕ್ಕಳು ಈಗ ಹಾಯಿ ಏರಿಸುವುದನ್ನು ಕಲಿಯುತ್ತಿದ್ದಾರೆ. ಅವರಿಗೆ ಕನ್ನಡ ಓದಲು ಬರುತ್ತದೆ, ಆದರೆ ಅವರು ಆಸೆಪಟ್ಟು ಓದುವಂಥದ್ದು ಕೈಗೆ ಸಿಗುವುದು ಕಡಿಮೆ. ದೋಣಿಯ ಕೆಲಸವನ್ನೇ ಕನ್ನಡದಲ್ಲಿ ಬರೆದುಕೊಟ್ಟರೆ ಓದುತ್ತಾರೆ, ಅಲ್ವಾ? ಹಾಗಂತ ಹತ್ತು ಪುಟದ ಕೈಪಿಡಿ ಶುರುಮಾಡಿದೆ. ಕೂವೆ (ಹಾಯಿ ಏರಿಸುವ ನೆಟ್ಟಗಿನ ಕಂಬ), ಹಾಯಿ, ಚುಕ್ಕಾಣಿ, ಲಂಗರು ಎಲ್ಲ ಸಲೀಸಾಗಿ ಬಂದವು. ಹಾಯಿಯೊಳಗೆ ಅಡ್ಡಡ್ಡ ತೂರಿಸುವ ಪಟ್ಟಿಯ ಹತ್ತಿರ ಬಂದು ನಿಂತುಬಿಟ್ಟೆ. ಇಲ್ಲಿನವರು ಅದನ್ನು ಬ್ಯಾಟನ್ ಅನ್ನುತ್ತಾರೆ.

ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ದೊಡ್ಡ ಹಾಯಿ ಮೂರು ಮೂಲೆಯ ಬಟ್ಟೆ. ಮುಂದಿನ ಅಂಚು ಕೂವೆಗೆ ಸೇರಿರುತ್ತದೆ, ಕೆಳಗಿನ ಅಂಚು ಅಡ್ಡಮರದ ಮೇಲೆ ಚಾಚಿರುತ್ತದೆ. ಹಿಂದಿನ ಅಂಚಿಗೆ ಮಾತ್ರ ಯಾವ ಮರದ ಆಸರೆಯೂ ಇಲ್ಲ. ಅದೂ ಸಾಲದು ಅಂತ ಆ ಅಂಚನ್ನು ನೇರ ಗೆರೆಗಿಂತ ಹೊರಕ್ಕೆ ಉಬ್ಬಿಸಿ ಕತ್ತರಿಸಿರುತ್ತಾರೆ. ಬಟ್ಟೆ ಹೆಚ್ಚಿದಷ್ಟೂ ಹಾಯಿಗೆ ಬಲ ಜಾಸ್ತಿ. ಆದರೆ ಆ ಉಬ್ಬು ತಾನಾಗಿ ನಿಲ್ಲುವುದಿಲ್ಲ. ಮಡಚಿಕೊಂಡು ಪಟಪಟ ಬಡಿಯುತ್ತದೆ. ಅದಕ್ಕೇ ಹಿಂದಿನ ಅಂಚಿನಿಂದ ಒಳಕ್ಕೆ ಉದ್ದದ ಒರೆಗಳನ್ನು ಹೊಲಿದು, ಒಂದೊಂದರಲ್ಲೂ ಬಾಗುವ ಪಟ್ಟಿ ತೂರಿಸುತ್ತಾರೆ. ಹಿಂದೆ ಮರದ್ದು ಇರುತ್ತಿತ್ತು, ಈಗ ಹೆಚ್ಚಾಗಿ ಫೈಬರ್ ಗ್ಲಾಸಿನದು. ನಮ್ಮ ಹಾಯಿಯಲ್ಲಿ ನಾಲ್ಕಿವೆ. ಮೇಲಿನದು ಕೂವೆಯವರೆಗೂ ಹೋಗುವ ಪೂರಾ ಉದ್ದದ್ದು. ಕೆಳಗಿನ ಮೂರು ಗಿಡ್ಡ.

‘ಬ್ಯಾಟನ್’ ಅಂತಲೇ ಇಟ್ಟುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ಪದಕ್ಕೆ ನಮ್ಮಲ್ಲಿ ಆಗಲೇ ಬೇರೆ ಕೆಲಸವಿದೆ. ಕರೆಂಟಿನ ಕೆಲಸದವರಿಗೆ ಬ್ಯಾಟನ್ ಅಂದರೆ ಗೋಡೆಯ ಮೇಲೆ ವೈರು ಹೊಡೆಯುವ ಮರದ ಪಟ್ಟಿ. ಬಲ್ಬು ಸಿಕ್ಕಿಸುವುದಕ್ಕೆ ಬ್ಯಾಟನ್ ಹೋಲ್ಡರ್. ಶಾಲೆಯ ಮಕ್ಕಳಿಗೆ ರಿಲೇ ಓಟದ ಕೋಲು. ಇದೊಂದು ಆಕಸ್ಮಿಕವಲ್ಲ. ಇಂಗ್ಲಿಷಿನಲ್ಲೂ ಓಟದ ಬ್ಯಾಟನ್ನು ಹಾಯಿಯ ಬ್ಯಾಟನ್ನು ಒಂದೇ ಮೂಲದವು, ಫ್ರೆಂಚಿನ ‘ಕೋಲು’ ಎಂಬ ಅರ್ಥದ ಪದದಿಂದ ಬಂದವು.

‘ಪಟ್ಟಿ’ ಅಂತ ಬರೆದು ನೋಡಿದೆ. ಆಗಲಿಲ್ಲ. ಹಾಯಿಯನ್ನು ಹೊಲಿಯುವುದೇ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ. ಮೇಲಿನ ಒರೆಯ ಬಾಯಿಯನ್ನು ಎಳೆದು ಕಟ್ಟುವುದು ಇನ್ನೊಂದು ಪಟ್ಟಿಯಿಂದ. ‘ಪಟ್ಟಿಯೊಳಗೆ ಪಟ್ಟಿ ತೂರಿಸಿ ಪಟ್ಟಿ ಎಳೆಯಿರಿ’ ಅಂದರೆ ಯಾರಿಗೆ ತಿಳಿಯುತ್ತದೆ?

‘ಕಡ್ಡಿ’ ಮಕ್ಕಳಿಗೆ ಬೇಗ ಹಿಡಿಸಿತು, ಗಾಳಿಪಟ ಗೊತ್ತಲ್ಲ. ಹೋಲಿಕೆಯೂ ಸರಿಯಾಗಿಯೇ ಇದೆ. ಆದರೆ ಕನ್ನಡದಲ್ಲಿ ಕಡ್ಡಿ ಅಂದರೆ ಮುರಿಯುವಂಥದ್ದು. ‘ಕಡ್ಡಿ ಮುರಿದ ಹಾಗೆ’ ಅಂತ ಸುಮ್ನೆ ಹೇಳುತ್ತೇವಾ? ಹಾಯಿಯೊಳಗಿನದು ಬಾಗಬೇಕು, ಮುರಿಯಬಾರದು. ಅಷ್ಟು ಉದ್ದದ ಪಟ್ಟಿಯನ್ನು ಕಡ್ಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ‘ರೀಪು’ ನೆನಪಾಯಿತು. ಅದು ಹೆಂಚಿನ ಮಾಡಿನಲ್ಲಿ ನೆಟ್ಟಗೆ ಮಲಗಿರುವ ಮರ. ಅದಕ್ಕೆ ಬಾಗುವ ಗುಣವಿಲ್ಲ.

ನಮ್ಮ ಕರಾವಳಿಯ ಮಾತಿನಲ್ಲಿ ಇದಕ್ಕೆ ಹಳೆಯ ಪದ ಇರಬೇಕು ಅಂತ ಹುಡುಕಲು ಹೊರಟವನು ಅರ್ಧ ದಾರಿಯಲ್ಲಿ ನಿಂತೆ. ಪಡುವಣ ಕರಾವಳಿಯ ಹಳೆಯ ಹಾಯಿ ಓರೆಯಾಗಿ ಕಟ್ಟಿದ ಉದ್ದದ ಮರದಿಂದ ಇಳಿಬಿಟ್ಟ ಬಟ್ಟೆ. ಅದರೊಳಗೆ ಅಡ್ಡಪಟ್ಟಿ ಇರುವುದೇ ಇಲ್ಲ. ವಸ್ತುವೇ ಇಲ್ಲದ ಕಡೆ ಹೆಸರು ಎಲ್ಲಿಂದ ಬರಬೇಕು? ಅಡ್ಡಪಟ್ಟಿ ಹಾಕುವ ಹಳೆಯ ಪದ್ಧತಿ ಚೀನಾದವರದು. ಅವರ ಹಾಯಿಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಿದಿರು ಹೋಗುತ್ತದೆ. ಹಿಂದೆ ಅಲ್ಲಿ ಹಾಯಿಯನ್ನೇ ಚಾಪೆಯ ಹಾಗೆ ಹೆಣೆಯುತ್ತಿದ್ದರು. ಇದನ್ನು ಓದುವಾಗ ನಮ್ಮ ‘ಹಾಯಿ’ ಪದ ನೆನಪಾಗಿ ಬಹಳ ಖುಷಿಯಾಯಿತು. ಇದು ತಮಿಳಿನ ‘ಪಾಯ್’ ಪದದ ಒಡಹುಟ್ಟು. ಅಲ್ಲಿ ಪಾಯ್ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು.

ಬಿದಿರು ಅಂದಾಗಲೇ ನನಗೆ ‘ದಬ್ಬೆ’ ಹೊಳೆದದ್ದು.

ನಾನು ತೀರ್ಥಹಳ್ಳಿ ಕಡೆಯವನು. ಅಲ್ಲಿ ಬಿದಿರನ್ನೋ ಅಡಿಕೆ ಮರವನ್ನೋ ಉದ್ದಕ್ಕೆ ಸೀಳಿದರೆ ಬರುವ ಚಪ್ಪಟೆ ಪಟ್ಟಿಗೆ ದಬ್ಬೆ ಅನ್ನುತ್ತೇವೆ. ಬೇಲಿಗೆ ದಬ್ಬೆ, ಚಪ್ಪರಕ್ಕೆ ದಬ್ಬೆ. ಚಿಕ್ಕವನಿದ್ದಾಗ ನಾನು ಕೊಟ್ಟಿಗೆಯ ಅಟ್ಟದಿಂದ ಬಿದ್ದು ಕೈ ಮುರಿದುಕೊಂಡಿದ್ದೆ. ಆಗ ದೊಡ್ಡಪ್ಪ ನಾಲ್ಕು ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನನ್ನ ವಾದಕ್ಕೆ ಈ ಬಳಕೆಯೇ ಮುಖ್ಯ. ತಾನಾಗಿ ನಿಲ್ಲಲಾರದ್ದಕ್ಕೆ ಒತ್ತಿ ಆಸರೆಯಾಗಿ ನಿಲ್ಲುವುದು ದಬ್ಬೆಯ ಕೆಲಸ. ಹಾಯಿಯ ಹಿಂದಿನ ಅಂಚಿಗೂ ಬೇಕಾದದ್ದು ಅದೇ. ಜೊತೆಗೆ ದಬ್ಬೆ ಚಪ್ಪಟೆ, ಉದ್ದ, ಬಾಗುತ್ತದೆ. ತುದಿಯಲ್ಲಿ ಸಿಬಿರು ಎದ್ದರೆ ಕೈಗೆ ಚುಚ್ಚುತ್ತದೆ. ಹಳೆಯ ಫೈಬರ್ ಗ್ಲಾಸ್ ಪಟ್ಟಿಯೂ ಅಷ್ಟೇ. ಕಣ್ಣಿಗೆ ಕಾಣದ ಸಿಬಿರು ಅಂಗೈಗೆ ಹೊಕ್ಕರೆ ಎರಡು ದಿನ ಉರಿಯುತ್ತದೆ. ಅದಕ್ಕೇ ಕೈಗವಸು ಹಾಕಿಕೊಳ್ಳದೆ ಮುಟ್ಟಬೇಡಿ ಅಂತ ಕೈಪಿಡಿಯಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಇನ್ನು ನಿಜವಾದ ತೊಡಕು: ಅದನ್ನು ಒರೆಗೆ ಹಾಕಿದ ಮೇಲೆ ಮಾಡುವ ಕೆಲಸಕ್ಕೆ ಏನನ್ನಬೇಕು?

ಗಿಡ್ಡ ದಬ್ಬೆಗಳಿಗೆ ಈ ಪ್ರಶ್ನೆ ಇಲ್ಲ. ಒರೆಯ ಒಳತುದಿಯಲ್ಲಿ ಒಂದು ಎಲಾಸ್ಟಿಕ್ ಹೊಲಿದಿರುತ್ತಾರೆ. ದಬ್ಬೆಯನ್ನು ತೂರಿಸಿ, ಎಲಾಸ್ಟಿಕ್ ಹಿಗ್ಗುವಷ್ಟು ಒಳಕ್ಕೆ ಒತ್ತಿ, ಹೊರತುದಿಯನ್ನು ಒರೆಯ ಕೆಳಮೂಲೆಯ ಮಡಿಕೆಗೆ ಇಳಿಸಬೇಕು. ಕೈ ಬಿಟ್ಟರೆ ಎಲಾಸ್ಟಿಕ್ಕೇ ಅದನ್ನು ಆ ಮೂಲೆಗೆ ದಬ್ಬಿ ಹಿಡಿಯುತ್ತದೆ. ಇದಕ್ಕಿಂತ ಹಳೆಯ ಹಾಯಿಗಳಲ್ಲಿ ದಬ್ಬೆಯ ತುದಿಗೇ ತೂತು ಕೊರೆದು, ಅಂಚಿನ ತೂತಿನ ಜೊತೆ ಸೇರಿಸಿ ದಾರದಿಂದ ಕಟ್ಟುತ್ತಿದ್ದರು. ಹೋದ ಮೇ ತಿಂಗಳಲ್ಲಿ ನಮ್ಮ ಹಾಯಿಯ ಮೂರನೆಯ ದಬ್ಬೆ ಆ ಮೂಲೆಗೆ ಸರಿಯಾಗಿ ಇಳಿದಿರಲಿಲ್ಲ. ದೋಣಿ ತಿರುಗಿಸುವಾಗ ಹಾಯಿ ನಾಲ್ಕು ಸಲ ಬಡಿದುಕೊಂಡಿತು. ದಬ್ಬೆ ಬಾಣದ ಹಾಗೆ ಹಾರಿ ನೀರಿಗೆ ಬಿತ್ತು. ಹಾಕಿದವನು ನಾನೇ. ಬೆರಳಿನಿಂದ ಮೂಲೆಯನ್ನು ಮುಟ್ಟಿ ನೋಡಿದ್ದರೆ ಉಳಿಯುತ್ತಿತ್ತು.

ಪೂರಾ ಉದ್ದದ ದಬ್ಬೆಯ ಮಾತು ಬೇರೆ. ಅದು ಒರೆಗಿಂತ ಕೊಂಚ ಉದ್ದ. ತೆಳುವಾದ ತುದಿ ಕೂವೆಯ ಕಡೆಗೆ ಬರುವಂತೆ ತೂರಿಸಬೇಕು, ಆಗ ಹಾಯಿಯ ಹೊಟ್ಟೆ, ಅಂದರೆ ಗಾಳಿ ತುಂಬಿ ಹೆಚ್ಚು ಉಬ್ಬುವ ಜಾಗ, ಮುಂದುಗಡೆ ಬರುತ್ತದೆ. ಹಿಂದಿನ ತುದಿಯಲ್ಲಿ ಪಟ್ಟಿ ಎಳೆದಾಗ ದಬ್ಬೆ ಕೂವೆಯ ಕಡೆಗೆ ಒತ್ತಿಕೊಳ್ಳುತ್ತದೆ, ಒರೆಯ ಬಟ್ಟೆ ಹಿಗ್ಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ದಬ್ಬೆಗೆ ಟೆನ್ಷನ್ ಕೊಡುವುದು’ ಅನ್ನುತ್ತಾರೆ. ಆದರೆ ಗಮನಿಸಿ, ದಬ್ಬೆಯನ್ನು ಯಾರೂ ಎಳೆಯುತ್ತಿಲ್ಲ. ಎಳೆತ ಇರುವುದು ಬಟ್ಟೆಯಲ್ಲಿ, ದಬ್ಬೆಯಲ್ಲಿ ಇರುವುದು ಒತ್ತಡ. ಇಂಗ್ಲಿಷ್ ಪದ ಎರಡನ್ನೂ ಸೇರಿಸಿ ಮಸುಕು ಮಾಡಿಬಿಟ್ಟಿದೆ. ಅದನ್ನೇ ಎತ್ತಿಕೊಂಡು ‘ದಬ್ಬೆಯನ್ನು ಎಳೆಯಿರಿ’ ಅಂತ ಬರೆದರೆ ಮಕ್ಕಳು ನಿಜವಾಗಿಯೂ ಎಳೆದು ಹೊರಗೆ ತೆಗೆಯುತ್ತಾರೆ. ‘ಟೆನ್ಷನ್’ ಅಂತಲೇ ಬರೆಯೋಣ ಅಂದರೆ, ನಮ್ಮ ಮಾತಿನಲ್ಲಿ ಅದರ ಅರ್ಥ ಮನಸ್ಸಿನ ಚಿಂತೆ.

ನನಗೆ ಹತ್ತಿರ ಅನ್ನಿಸಿದ್ದು ಬಿಲ್ಲಿನ ಮಾತು. ಬಿಲ್ಲಿಗೆ ಹೆದೆ ಏರಿಸಿದರೆ ಬಿಲ್ಲು ಬಾಗುತ್ತದೆ, ಹೆದೆ ಬಿಗಿಯಾಗುತ್ತದೆ. ಇಲ್ಲಿ ದಬ್ಬೆಯೇ ಬಿಲ್ಲು, ಒರೆಯ ಬಟ್ಟೆಯೇ ಹೆದೆ. ಗಾಳಿಪಟದ ಬಿಲ್ಲುಕಡ್ಡಿಯಲ್ಲಿ ಆಗುವುದೂ ಇದೇ. ಹಾಗಂತ ‘ಹಾಯಿಗೆ ಹೆದೆ ಏರಿಸಿ’ ಅಂತ ಬರೆದರೆ ಕೇಳಲು ಚೆನ್ನಾಗಿದೆ, ಕೆಲಸದ ಮಾತಾಗಿ ಭಾರವಾಯಿತೇನೋ. ಸದ್ಯಕ್ಕೆ ಎರಡು ಕ್ರಿಯಾಪದವನ್ನು ಬೇರೆ ಬೇರೆ ಇಟ್ಟಿದ್ದೇನೆ: ದಬ್ಬೆಯನ್ನು ‘ಒತ್ತು’, ಬಟ್ಟೆಯನ್ನು ‘ಬಿಗಿ’. ಕೈಪಿಡಿಯ ಆ ಭಾಗ ಈಗ ಹೀಗಿದೆ:

“ಹಾಯಿಯನ್ನು ಹುಲ್ಲಿನ ಮೇಲೆ ಹಾಸು. ಮೇಲಿನ ದಬ್ಬೆಯನ್ನು ತೆಳು ತುದಿಯಿಂದ ಒರೆಗೆ ತೂರಿಸು. ಕೂವೆಯ ಕಡೆಯ ತುದಿ ಮುಟ್ಟಿದೆಯಾ ನೋಡು. ಈಗ ಹಿಂದಿನ ಪಟ್ಟಿ ಎಳೆದು ದಬ್ಬೆಯನ್ನು ಒತ್ತು. ಒರೆಗೆ ಅಡ್ಡವಾಗಿ ಸಣ್ಣ ಸಣ್ಣ ನೆರಿಗೆ ಕಾಣುತ್ತವೆ, ಅವು ಮಾಯವಾಗುವಷ್ಟು ಬಿಗಿಮಾಡು. ಅಲ್ಲಿಂದ ಮುಂದೆ ಕೂದಲೆಳೆಯಷ್ಟು, ಅದಕ್ಕಿಂತ ಜಾಸ್ತಿ ಬೇಡ. ಸಡಿಲವಾದರೆ ನೆರಿಗೆ ಉಳಿಯುತ್ತದೆ. ಅತಿ ಬಿಗಿಯಾದರೆ ಸಣ್ಣ ಗಾಳಿಯಲ್ಲಿ ದೋಣಿ ತಿರುಗಿದರೂ ಹಾಯಿಯ ಹೊಟ್ಟೆ ಆ ಬದಿಯಿಂದ ಈ ಬದಿಗೆ ಬರುವುದಿಲ್ಲ. ಹಾಯಿ ಏರಿಸಿದ ಮೇಲೆ ಇನ್ನೊಮ್ಮೆ ನೋಡು. ಚಳಿಗಾಲಕ್ಕೆ ಹಾಯಿ ಎತ್ತಿಡುವಾಗ ಬಿಗಿ ಸಡಿಲಿಸು.”

ಹಳೆಯ ಹಾಯಿಗೆ ಒಂದು ಮಾತು ಸೇರಿಸಿದ್ದೇನೆ. ನಮ್ಮ ಟೆರಿಲಿನ್ ಬಟ್ಟೆ ವರ್ಷಗಳಿಂದ ಜಗ್ಗಿ ಹೊಟ್ಟೆ ಹಿಂದಕ್ಕೆ ಸರಿದಿದೆ. ದಬ್ಬೆ ಬಿಗಿಮಾಡಿದರೆ ಅದು ಮುಂದೆ ಬರುತ್ತದೆ ಅಂತ ನಂಬಿ ನಾನು ಒಂದು ಬೇಸಿಗೆಯೆಲ್ಲ ಬಿಗಿಮಾಡಿದೆ. ಬರಲಿಲ್ಲ. ಬದಲಿಗೆ ಒರೆಯ ತುದಿಯ ಹೊಲಿಗೆ ಬಿಟ್ಟಿತು. ಹಳೆಯ ಹಾಯಿಯಲ್ಲಿ ಮೊದಲು ಸೋಲುವುದು ಬಟ್ಟೆಯಲ್ಲ, ಬಿಸಿಲು ತಿಂದ ದಾರ. ದಬ್ಬಳ ಹಿಡಿದು ಮೂರು ಸಂಜೆ ಕೂತು ಹೊಲಿದೆ. (ದಬ್ಬೆ, ದಬ್ಬಳ, ದಬ್ಬು: ಒಂದೇ ಕೆಲಸದಲ್ಲಿ ಮೂರೂ ಬಂದವು. ಇವುಗಳ ನಡುವೆ ನಂಟಿದೆಯಾ, ತಿಳಿದವರು ಹೇಳಿ.)

ನಾನು ಕೇಳಬೇಕಾದದ್ದು ಇಷ್ಟು. ಧಾರವಾಡ, ಬೀದರ್, ಮೈಸೂರು ಕಡೆಯವರಿಗೆ ದಬ್ಬೆ ಅಂದರೆ ಏನು ಕಣ್ಣಿಗೆ ಬರುತ್ತದೆ? ಬರೀ ಒರಟಾದ ಬೇಲಿಯ ಸೀಳೇ, ಅಥವಾ ನುಣ್ಣಗೆ ಹೆರೆದದ್ದನ್ನೂ ದಬ್ಬೆ ಅನ್ನುತ್ತೀರಾ? ನಮ್ಮ ಮನೆಯಲ್ಲಿ ನೀರು ಹರಿಸಲು ಕೊರೆದ ಅಡಿಕೆ ಮರಕ್ಕೆ ‘ದಂಬೆ’ ಅನ್ನುತ್ತಿದ್ದರು. ಎರಡನ್ನೂ ಒಂದೇ ಪದದಿಂದ ಕರೆಯುವ ಊರು ಇದ್ದರೆ ನನ್ನ ವಾದ ಸ್ವಲ್ಪ ಅಲುಗುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ತೃಷ್ಣಾ ಕ್ಲಬ್ಬಿನ ಹಾಯಿದೋಣಿಗಳಿವೆ. ಅಲ್ಲಿ ಹಾಯಿ ಕಲಿತ ಕನ್ನಡದವರು ಯಾರಾದರೂ ಇಲ್ಲಿದ್ದರೆ, ನೀವು ನಿಮ್ಮ ನಿಮ್ಮಲ್ಲಿ ಇದಕ್ಕೆ ಏನನ್ನುತ್ತಿದ್ದಿರಿ ಅಂತ ದಯವಿಟ್ಟು ಬರೆಯಿರಿ. ನನ್ನದನ್ನು ಬಿಟ್ಟು ಅದನ್ನೇ ಬಳಸುತ್ತೇನೆ.

ಕೊನೆಗೆ, ಹಿಂದಿನ ಅಂಚು. ಅದಕ್ಕೆ ನಾನು ‘ಸೆರಗು’ ಅಂತ ಬರೆದಿದ್ದೇನೆ. ಗಾಳಿಗೆ ಹಾರುವುದು ಅದೇ, ಕೊನೆಯಲ್ಲಿ ಇರುವುದೂ ಅದೇ. ನನ್ನ ಹೆಂಡತಿ ಒಪ್ಪಲಿಲ್ಲ. ಸೀರೆಯ ಸೆರಗು ಅಗಲ, ಇದು ಬರೀ ಅಂಚು ಅನ್ನುತ್ತಾಳೆ. ನೀವೇನಂತೀರಿ?