ಸೆರೆವಾಸ ಮುಗಿಸಿದವರಿಗೆ ಅಮೆರಿಕದ ಫೆಲೋಶಿಪ್‌ಗಳು: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡವೆಂದು ಕೋರಿದ ಸದಸ್ಯರು, ಸಿಯಾಟಲ್ ಸಮೀಪ): ನಮ್ಮ ಮಗ ಇಲ್ಲಿಯೇ ಹುಟ್ಟಿದವನು, ಅಮೆರಿಕದ ಪ್ರಜೆ. ಮಾದಕ ವಸ್ತುವಿನ ಚಟಕ್ಕೆ ಬಿದ್ದು, ಅದರ ಬೆನ್ನಿಗೇ ಬಂದ ಕಳ್ಳತನದ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಕಳೆದ ವರ್ಷ ಬಿಡುಗಡೆಯಾಗಿದ್ದಾನೆ. ಡಿಗ್ರಿ ಅರ್ಧಕ್ಕೆ ನಿಂತಿದೆ. ಸಂದರ್ಶನದವರೆಗೆ ಹೋದ ಕೆಲಸಗಳೂ ಹಿನ್ನೆಲೆ ಪರಿಶೀಲನೆಯಾದ ಮೇಲೆ ಕೈತಪ್ಪುತ್ತಿವೆ. ಇಂಥವರಿಗೆಂದೇ ಫೆಲೋಶಿಪ್‌ಗಳಿವೆಯಂತೆ. ಅವು ನಿಜಕ್ಕೂ ಉದ್ಯೋಗದ ದಾರಿಯೇ, ಅಥವಾ ಒಂದು ಬಗೆಯ ಧರ್ಮಾರ್ಥ ಸಹಾಯವೇ?

ಉತ್ತರ (ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಪುನರ್ವಸತಿ ಕ್ಷೇತ್ರದ ವಕೀಲರು): ಧರ್ಮಾರ್ಥ ಖಂಡಿತ ಅಲ್ಲ. ಜೈಲು ಮತ್ತು ನ್ಯಾಯಾಲಯಗಳ ವ್ಯವಸ್ಥೆಯಲ್ಲಿ ಸರಿಪಡಿಸಬೇಕಾದ ಒಂದು ನಿರ್ದಿಷ್ಟ ಸಂಗತಿಯನ್ನು, ಅದನ್ನು ಅನುಭವಿಸಿ ಬಲ್ಲವರ ಕೈಯಲ್ಲೇ ಮಾಡಿಸುವುದಕ್ಕಾಗಿ ಸಂಬಳ ಅಥವಾ ಅನುದಾನ ಕೊಡುವುದು ಈ ಫೆಲೋಶಿಪ್‌ಗಳ ತಿರುಳು. ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗನ ಪರಿಸ್ಥಿತಿಗೆ ಅದು ಬಹಳ ಹತ್ತಿರವಾಗಿದೆ.

ಟ್ಯಾರಾ ಸಿಮನ್ಸ್ ನರ್ಸ್ ಆಗಿದ್ದವರು. ಚಟಕ್ಕೆ ಸಿಲುಕಿ, 2011ರಲ್ಲಿ ಶಿಕ್ಷೆಗೆ ಗುರಿಯಾಗಿ ಜೈಲು ಸೇರಿದರು. ಹೊರಬಂದ ಮೇಲೆ ಸಿಯಾಟಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 2017ರಲ್ಲಿ ಪದವಿ ಪಡೆದರು. ಕಾನೂನು ಪದವೀಧರರಲ್ಲಿ ತೀವ್ರ ಪೈಪೋಟಿಯಿರುವ, ಎರಡು ವರ್ಷಗಳ ಸ್ಕ್ಯಾಡನ್ ಫೆಲೋಶಿಪ್ ಕೂಡ ಅವರಿಗೆ ದೊರೆಯಿತು. ಆದರೆ ವಕೀಲರ ಸಂಘದ ನಡತೆ ಪರಿಶೀಲನಾ ಮಂಡಳಿಯು ಅವರಿಗೆ ವಕೀಲಿಕೆಯ ಅನುಮತಿ ಕೊಡಬಾರದೆಂದು ಬಹುಮತದಿಂದ ಶಿಫಾರಸು ಮಾಡಿತು. ಅವರು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು, ಮತ್ತು 2017ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಅವರ ಪರವಾಗಿ ತೀರ್ಪಿತ್ತರು. 2018ರಲ್ಲಿ ವಕೀಲೆಯಾಗಿ ಪ್ರಮಾಣವಚನ ಸ್ವೀಕರಿಸಿ, 2020ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. ಜೈಲಿನಿಂದ ಹೊರಬಂದವರಿಗೆ ಮೇಲ್ವಿಚಾರಣೆಯ ಅವಧಿ ಮುಗಿಯುವವರೆಗೆ ಕಾಯದೆ ಮತದಾನದ ಹಕ್ಕು ತಾನಾಗಿಯೇ ಮರಳುವ ಕಾನೂನನ್ನು ಮಂಡಿಸಿದವರು ಅವರೇ. ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ, ನಿಮ್ಮ ಮಗನಿಗೂ ಅನ್ವಯಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸ್ಕ್ಯಾಡನ್ ಫೆಲೋಶಿಪ್ ಸೆರೆವಾಸ ಮುಗಿಸಿದವರಿಗೆಂದು ಮೀಸಲಾದದ್ದಲ್ಲ. ಬಡವರಿಗೆ ಕಾನೂನು ನೆರವು ಕೊಡುವ ಯುವ ವಕೀಲರಿಗಾಗಿ 1988ರಿಂದ ನಡೆದುಬಂದಿರುವ ಯೋಜನೆ ಅದು. ಆದ್ದರಿಂದ ಹುಡುಕಾಟವನ್ನು ಮೀಸಲು ಫೆಲೋಶಿಪ್‌ಗಳಿಗಷ್ಟೇ ಸೀಮಿತಗೊಳಿಸಬೇಡಿ. ಮೀಸಲಾದವೂ ಇವೆ. ಕಲಾವಿದರಿಗಾಗಿ 2017ರಲ್ಲಿ ಆರಂಭವಾದ ರೈಟ್ ಆಫ್ ರಿಟರ್ನ್ ಫೆಲೋಶಿಪ್ ಅಂಥದ್ದು; ಅದನ್ನು ಕಟ್ಟಿದ ಜೆಸ್ಸಿ ಕ್ರೈಮ್ಸ್ ಮತ್ತು ರಸೆಲ್ ಕ್ರೇಗ್ ಇಬ್ಬರೂ ಶಿಕ್ಷೆ ಅನುಭವಿಸಿದವರೇ. ಕ್ರೈಮ್ಸ್ ಫೆಡರಲ್ ಜೈಲಿನಲ್ಲಿದ್ದಾಗ ಪತ್ರಿಕೆಯ ಚಿತ್ರಗಳಿಗೆ ತಲೆಗೂದಲಿನ ಜೆಲ್ ಸವರಿ, ಚಮಚದಿಂದ ಉಜ್ಜಿ, ಜೈಲಿನ ಹಾಸಿಗೆಯ ಬಟ್ಟೆಗಳ ಮೇಲೆ ಅಚ್ಚು ಇಳಿಸುತ್ತಿದ್ದರು; ಒಂದೊಂದಾಗಿ ಹೊರಗೆ ಅಂಚೆಯಲ್ಲಿ ಕಳುಹಿಸಿದ 39 ಬಟ್ಟೆಗಳು ಕೊನೆಗೆ ಒಂದೇ ಬೃಹತ್ ಕೃತಿಯಾದವು.

ನಿಮ್ಮ ಮಗನ ಮಟ್ಟಿಗೆ ಮೊದಲ ಹೆಜ್ಜೆ ಪದವಿ ಪೂರ್ಣಗೊಳಿಸುವುದು ಎಂಬುದು ನನ್ನ ಅಭಿಪ್ರಾಯ. ಮಾದಕ ವಸ್ತು ಪ್ರಕರಣದ ಶಿಕ್ಷೆ ಈಗ ಫೆಡರಲ್ ವಿದ್ಯಾರ್ಥಿ ನೆರವಿಗೆ ಅಡ್ಡಿಯಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಲು ಸಾಧ್ಯವಿದ್ದರೆ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಹಲವು ಕ್ಯಾಂಪಸ್‌ಗಳಲ್ಲಿರುವ, ಸೆರೆವಾಸ ಮುಗಿಸಿದವರಿಗೆ ಪದವಿ ಓದಲು ನೆರವಾಗುವ ಪ್ರಾಜೆಕ್ಟ್ ರೀಬೌಂಡ್ ಅನ್ನು ವಿಚಾರಿಸಿ. ದರೋಡೆ ಪ್ರಕರಣದಲ್ಲಿ ಸೋಲೆಡಾಡ್ ಜೈಲಿನಲ್ಲಿದ್ದು, ಆಮೇಲೆ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಇರ್ವಿನ್ 1967ರಲ್ಲಿ ಅದನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದರು.

ಅದೇ ಸದಸ್ಯರು: ಅರ್ಜಿಯಲ್ಲಿ ತನ್ನ ತಪ್ಪು, ಪಶ್ಚಾತ್ತಾಪ ಎಲ್ಲವನ್ನೂ ಬರೆದಿದ್ದಾನೆ. ಓದುವಾಗ ನಮಗೇ ಕಣ್ಣು ತುಂಬಿತು. ಅದು ಸಾಕೇ?

ಉತ್ತರ: ಸಾಲದು, ಮತ್ತು ಇದನ್ನು ನಾನು ಒತ್ತಿ ಹೇಳಲೇಬೇಕು. ಪಶ್ಚಾತ್ತಾಪದ ವಿಚಾರಣೆ ನ್ಯಾಯಾಲಯದಲ್ಲಿ ಮುಗಿದಿದೆ. ಆಯ್ಕೆ ಸಮಿತಿಯು ಕೇಳುವುದು ಯಾರಿಗಾಗಿ, ಯಾವ ಸಂಸ್ಥೆಯ ಜೊತೆ, ಏನು ಮಾಡುತ್ತೀರಿ ಎಂದು. ಉದಾಹರಣೆಗೆ, ವಾಷಿಂಗ್ಟನ್‌ನಲ್ಲಿ ನ್ಯಾಯಾಲಯ ವಿಧಿಸುವ ದಂಡ ಮತ್ತು ಶುಲ್ಕಗಳ ಮೇಲೆ ವರ್ಷಕ್ಕೆ ಶೇ 12ರ ಬಡ್ಡಿ ಬೆಳೆಯುತ್ತಿತ್ತು. ಜೈಲಿನೊಳಗೆ ಪುಡಿಗಾಸು ದುಡಿಯುತ್ತಿದ್ದವನು ಹೊರಬರುವಷ್ಟರಲ್ಲಿ ಸಾಲ ಬೆಟ್ಟವಾಗಿರುತ್ತಿತ್ತು. 2018ರ ಕಾನೂನು, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರವನ್ನು ಬಿಟ್ಟು, ಉಳಿದ ಮೊತ್ತದ ಬಡ್ಡಿಯನ್ನು ನಿಲ್ಲಿಸಿತು. ಆದರೆ ಹಳೆಯ ಬಡ್ಡಿಯನ್ನು ಮನ್ನಾ ಮಾಡಿಸಿಕೊಳ್ಳಲು ಆಯಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕೆಂಬುದು ತಿಳಿಯದವರು ಇಂದಿಗೂ ಇದ್ದಾರೆ. "ನಮ್ಮ ಕೌಂಟಿಯಲ್ಲಿ ಅಂಥವರನ್ನು ಹುಡುಕಿ, ಅವರ ಅರ್ಜಿ ತುಂಬಿಸಿ, ನ್ಯಾಯಾಲಯದವರೆಗೆ ಜೊತೆಗೆ ಹೋಗುತ್ತೇನೆ" ಎಂಬ ಒಂದು ವಾಕ್ಯಕ್ಕೆ ನಾಲ್ಕು ಪುಟಗಳ ಪಶ್ಚಾತ್ತಾಪಕ್ಕಿಂತ ಹೆಚ್ಚು ತೂಕವಿದೆ. ತನ್ನ ಗತಕಾಲವನ್ನು ಎಷ್ಟು ಹೇಳಬೇಕೋ ಅಷ್ಟನ್ನೇ, ಆ ಕೆಲಸಕ್ಕೆ ತಾನೇ ಏಕೆ ತಕ್ಕವನೆಂಬುದು ತಿಳಿಯುವಷ್ಟು ಮಾತ್ರ ಹೇಳಲಿ. ಪ್ರತಿ ವೇದಿಕೆಯಲ್ಲೂ ಅವನ ಕಥೆಯನ್ನೇ ಮತ್ತೆ ಮತ್ತೆ ಹೇಳಿಸಿ ಕೆಲಸ ಕಲಿಸದ ಕಡೆ ಅವನು ಸೇರುವುದು ಬೇಡ.

ಫೆಲೋಶಿಪ್ ಮುಗಿದ ಮೇಲೆ ಏನು ಎಂಬುದನ್ನು ಸೇರುವ ಮುನ್ನವೇ ಕೇಳಬೇಕು. ಆ ಹುದ್ದೆ ಮುಂದುವರಿಯುವುದೇ, ಆರೋಗ್ಯ ವಿಮೆ ಇದೆಯೇ, ಅನುದಾನವನ್ನು ಸಂಬಳವಾಗಿ ಕೊಡುತ್ತಾರೆಯೇ ಅಥವಾ ತೆರಿಗೆಯ ಹೊಣೆ ಅವನ ಮೇಲೇ ಬೀಳುವುದೇ ಎಂಬುದೆಲ್ಲ ಬರಹದಲ್ಲಿರಲಿ. ಮೇಲ್ವಿಚಾರಣೆಯ ಅವಧಿ ಇನ್ನೂ ಉಳಿದಿದ್ದರೆ, ತರಬೇತಿಗೆಂದು ಬೇರೆ ರಾಜ್ಯಕ್ಕೆ ಹೋಗುವ ಮೊದಲು ಅಧಿಕಾರಿಯ ಲಿಖಿತ ಅನುಮತಿ ಪಡೆಯಲೇಬೇಕು.

ಇನ್ನೊಬ್ಬ ಸದಸ್ಯರು (ನ್ಯೂಜೆರ್ಸಿ): ನನ್ನ ಸೋದರಸಂಬಂಧಿಗೆ ಗ್ರೀನ್ ಕಾರ್ಡ್ ಮಾತ್ರ ಇದೆ. ಅವನೂ ಅರ್ಜಿ ಹಾಕಬಹುದೇ?

ಉತ್ತರ: ಕೆಲಸ ಮಾಡುವ ಹಕ್ಕಿರುವವರನ್ನು ಹಲವು ಯೋಜನೆಗಳು ಪರಿಗಣಿಸುತ್ತವೆ. ಆದರೆ ಅವನ ಪ್ರಾಣಸಂಕಟ ಬೇರೆಯೇ ಇದೆ. ಕೆಲವು ಅಪರಾಧಗಳಲ್ಲಿ ಶಿಕ್ಷೆಯಾದ ಗ್ರೀನ್ ಕಾರ್ಡ್‌ದಾರರನ್ನು ಗಡೀಪಾರು ಮಾಡಬಹುದು. ತಪ್ಪೊಪ್ಪಿಗೆಯ ಈ ಪರಿಣಾಮವನ್ನು ವಕೀಲರು ಕಕ್ಷಿದಾರನಿಗೆ ಮುಂಚೆಯೇ ತಿಳಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿ ಮದುವೆಯೆಂದು ಬೆಂಗಳೂರಿಗೆ ಹೋದರೆ, ಮರಳುವಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಮೊದಲು ಅಪರಾಧ ಮತ್ತು ವಲಸೆ ಎರಡನ್ನೂ ಬಲ್ಲ ವಕೀಲರನ್ನು ಕಾಣಲಿ. ಅಲ್ಲಿಯವರೆಗೆ ದೇಶ ಬಿಟ್ಟು ಹೋಗುವುದೂ ಬೇಡ, ವಲಸೆ ಇಲಾಖೆಗೆ ಯಾವ ಅರ್ಜಿ ಸಲ್ಲಿಸುವುದೂ ಬೇಡ.

ಮೊದಲ ಸದಸ್ಯರು: ಫೆಲೋಶಿಪ್ ಸಿಗುವವರೆಗೆ ಕೈಯಲ್ಲಿ ಒಂದು ಕೆಲಸವಿರಬೇಕಲ್ಲ?

ಉತ್ತರ: ಇರಬೇಕು. ಫೆಡರಲ್ ಬಾಂಡಿಂಗ್ ಯೋಜನೆಯೆಂಬುದು 1966ರಿಂದ ಇದೆ. ಇಂಥವರನ್ನು ನೇಮಿಸಿಕೊಳ್ಳುವ ಮಾಲೀಕರಿಗೆ, ಕಳವು ಅಥವಾ ವಂಚನೆಯಿಂದ ನಷ್ಟವಾದರೆ ತುಂಬಿಕೊಡುವ ವಿಮೆಯನ್ನು ಮೊದಲ ಆರು ತಿಂಗಳಿಗೆ ಉಚಿತವಾಗಿ ಕೊಡುತ್ತಾರೆ. ಮೊತ್ತ ಸಾಮಾನ್ಯವಾಗಿ 5,000 ಡಾಲರ್‌ಗಳಿಂದ ಆರಂಭವಾಗುತ್ತದೆ. ಕಳ್ಳತನದ ಪ್ರಕರಣವೆಂದು ಹಿಂಜರಿಯುವ ಮಾಲೀಕರ ಎದುರು ನಿಮ್ಮ ಮಗನೇ ಈ ವಿಷಯವನ್ನು ಎತ್ತಲಿ. ಇದರ ಜೊತೆಗೆ ನಮ್ಮ ರಾಜ್ಯದ ನ್ಯಾಯಾಲಯಗಳು ಕೊಡುವ, ಹಲವು ವೃತ್ತಿ ಪರವಾನಗಿಗಳ ತಡೆಯನ್ನು ತೆಗೆಯುವ ಅವಕಾಶ ಮರುಸ್ಥಾಪನೆಯ ಪ್ರಮಾಣಪತ್ರವೊಂದಿದೆ. ಅದಕ್ಕೆ ಬಿಡುಗಡೆಯಾದ ಮೇಲೆ ನಿಗದಿತ ಅವಧಿ ಕಳೆದಿರಬೇಕು. ಶಿಕ್ಷೆಯ ಆದೇಶದ ಪ್ರತಿಯನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದರೆ, ಯಾವಾಗ ಅರ್ಜಿ ಹಾಕಬಹುದೆಂದು ನೋಡಿ ಹೇಳುತ್ತೇನೆ.